ವಾರ್ಡಿಗೆ ಎಐ ತರುವ ಮುಂಚೆ ನರ್ಸ್‌ಗಳ ಅಭಿಪ್ರಾಯ ಅಳೆಯುವುದು ಹೇಗೆ

ರೋಗಿಯ ಸ್ಥಿತಿ ಹದಗೆಡಬಹುದೆಂದು ಅಲರ್ಟ್ ಕೊಡುವ ಸಾಫ್ಟ್‌ವೇರ್ ಬರಲಿದೆ, ನಿಮಗೆ ಒಪ್ಪಿಗೆಯೇ ಎಂದು ಮೀಟಿಂಗಿನಲ್ಲಿ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಮೇಲಿನವರ ಮುಂದೆ ಬೇರೇನು ಹೇಳಿಯಾರು? ಬರೆದು ಕೇಳಿ.

ಸಂಶೋಧಕರಾದ ಶೆಪ್‌ಮನ್ ಮತ್ತು ರಾಡ್‌ವೇ 2020ರಲ್ಲಿ ಪ್ರಕಟಿಸಿದ ಜಿಎಎಐಎಸ್ (GAAIS) ಮಾಪಕ, ಅಂದರೆ ಎಐ ಬಗ್ಗೆ ಜನರ ಮನೋಭಾವ ಅಳೆಯುವ ಪ್ರಶ್ನಾವಳಿ, ಇದಕ್ಕೆ ಒದಗುತ್ತದೆ. ಒಟ್ಟು 20 ಹೇಳಿಕೆಗಳು: 12 ಎಐ ಪರವಾದವು, 8 ಆತಂಕದವು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಲಿ. ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಲಿ. ಅರ್ಥ ಎಲ್ಲಿ ಜಾರಿದೆಯೆಂದು ಆಗ ಕಾಣುತ್ತದೆ. ಬರೀ ‘ಕೃತಕ ಬುದ್ಧಿಮತ್ತೆ’ ಎಂದರೆ ಒಬ್ಬರಿಗೆ ರೋಬೋ, ಇನ್ನೊಬ್ಬರಿಗೆ ಫೋನಿನ ಚಾಟ್ ನೆನಪಾಗುತ್ತದೆ. ಹಾಗಾಗಿ ಹಾಳೆಯ ತಲೆಯಲ್ಲೇ ‘ನಾಡಿ, ಉಸಿರಾಟ, ಬಿಪಿ, ಆಕ್ಸಿಜನ್ ಮಟ್ಟ ನೋಡಿ ಎಚ್ಚರಿಸುವಂಥದ್ದು’ ಎಂದು ಬರೆಯಿರಿ. ಮೊದಲು ಎಂಟು-ಹತ್ತು ಜನರಿಗೆ ಕೊಟ್ಟು ನೋಡಿ.

ಹೆಸರು ಬೇಡ. ಹನ್ನೆರಡೇ ನರ್ಸ್‌ಗಳಿರುವ ವಾರ್ಡಿನಲ್ಲಿ ವಯಸ್ಸು, ಅನುಭವ, ಓದು ಮೂರನ್ನೂ ಕೇಳಿದರೆ ಹೆಸರು ಕೇಳಿದಂತೆಯೇ. ಹಾಳೆಗಳು ಇನ್‌ಚಾರ್ಜ್ ಸಿಸ್ಟರ್ ಕೈಗಲ್ಲ, ಬೀಗ ಹಾಕಿದ ಡಬ್ಬಿಗೆ ಬೀಳಲಿ. ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ ಹಂಚಬೇಡಿ. ನೈಟ್ ಡ್ಯೂಟಿಯವರು, ಗುತ್ತಿಗೆಯವರು ಬಿಟ್ಟುಹೋಗದಂತೆ ನೋಡಿ. ನೈಟ್‌ನಲ್ಲಿ ಅಲರ್ಟ್ ಬಡಿದುಕೊಂಡಾಗ ಓಡುವವರು ಅವರೇ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಆತಂಕದ 8 ಹೇಳಿಕೆಗಳ ಅಂಕವನ್ನು 6ರಿಂದ ಕಳೆದು ತಿರುಗಿಸಬೇಕು: 5 ಎಂದು ಬರೆದಿದ್ದರೆ 1, 2 ಎಂದಿದ್ದರೆ 4. ಆಮೇಲೆ 12ರ ಸರಾಸರಿ ಬೇರೆ, 8ರ ಸರಾಸರಿ ಬೇರೆ. ಎರಡನ್ನೂ ಕೂಡಿಸಲೇಬೇಡಿ. ಎಐ ಬೇಕೆಂದೂ ಅದಕ್ಕೆ ಹೆದರುತ್ತಲೂ ಇರುವವರು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದವರು, ಇಬ್ಬರೂ ನಡುವಿನ ಒಂದೇ ಅಂಕಕ್ಕೆ ಬಂದು ನಿಲ್ಲುತ್ತಾರೆ. ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ ಹಾಕುವುದೂ ತಪ್ಪು.

ಎರಡನೇ ಸರಾಸರಿ ಕಡಿಮೆ ಬಂದರೆ, ಅಂದರೆ ಆತಂಕ ಹೆಚ್ಚಿದ್ದರೆ, ‘ತರಬೇತಿ ಸಾಲದು’ ಎಂದು ಷರಾ ಬರೆಯುವ ಆತುರ ಬೇಡ. ಅಮೆರಿಕದ ಮಿಷಿಗನ್‌ನಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಎಪಿಕ್ ಕಂಪನಿಯ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಅಪಾಯದ ಸ್ಥಿತಿ) ಬರಬಹುದೆಂದು ಎಚ್ಚರಿಸುವ ಮಾದರಿಯನ್ನು ಪರೀಕ್ಷಿಸಿ 2021ರಲ್ಲಿ ವರದಿ ಬಂತು: ಸೆಪ್ಸಿಸ್ ಆದವರಲ್ಲಿ 67% ಜನರನ್ನು ಅದು ಗುರುತಿಸಿರಲಿಲ್ಲ, ಆದರೂ ದಾಖಲಾದವರಲ್ಲಿ 18% ಮಂದಿಗೆ ಅಲರ್ಟ್ ಕೊಟ್ಟಿತ್ತು. ನರ್ಸ್‌ಗಳ ಅನುಮಾನಕ್ಕೆ ಆಧಾರವಿದೆ. ಆದ್ದರಿಂದ ಅಲರ್ಟ್ ಬಂದಾಗ ಎಷ್ಟು ನಿಮಿಷದಲ್ಲಿ ಯಾರು ರೋಗಿಯನ್ನು ನೋಡಬೇಕು, ಒಪ್ಪದಿದ್ದರೆ ಎಲ್ಲಿ ಬರೆಯಬೇಕು, ತಪ್ಪಾದರೆ ಹೊಣೆ ಯಾರದು ಎಂಬುದನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿ. ಮೂರು ತಿಂಗಳ ನಂತರ ಅದೇ ಹಾಳೆಯನ್ನು ಮತ್ತೆ ಕೊಡಿ.