ಮಣ್ಣಿನ ಗೋಡೆಯ ಏರುಮಡಿ: ನನ್ನ ಅನುಭವ

ಮಣ್ಣಿನ ಗೋಡೆ ಎಂದ ಕೂಡಲೇ ಎಲ್ಲರೂ ಕೇಳುವುದು ಮಳೆಯ ಬಗ್ಗೆ. ಗಿಡ ಬೆಳೆಸಲು ಸುತ್ತ ಗೋಡೆ ಎಬ್ಬಿಸಿ, ಒಳಗೆ ಮಣ್ಣು ತುಂಬಿ ನಾನು ಕಟ್ಟಿದ ಎತ್ತರದ ಮಡಿಗಳಲ್ಲಿ ಗೋಡೆ ಕೆಟ್ಟಿದ್ದು ಮಳೆಗಲ್ಲ, ಗಿಡಕ್ಕೆ ದಿನವೂ ಹಾಕುವ ನೀರಿಗೆ. ಒಳಮೈ ಆರದೇ ಇದ್ದರೆ ಗೋಡೆಯ ಬುಡ ಮೆತ್ತಗಾಗಿ, ತುಂಬಿದ ಮಣ್ಣಿನ ಭಾರಕ್ಕೆ ಹೊರಗೆ ಉಬ್ಬುತ್ತದೆ. ಈಗ ನಾನು ಕಟ್ಟುವ ರೀತಿ ಪೂರ್ತಿ ಈ ಒಂದು ಕಾರಣಕ್ಕೆ ಬದಲಾಗಿದೆ.

ಮಡಿಯ ಒಳ ಅಗಲ 3 ಅಡಿ, ಉದ್ದ 8 ಅಡಿ, ಎತ್ತರ 2 ಅಡಿ. ಅಗಲ ಇದಕ್ಕಿಂತ ಹೆಚ್ಚಾದರೆ ದಪ್ಪ ಗೋಡೆ ದಾಟಿ ನಡುವಿನ ಗಿಡಕ್ಕೆ ಕೈ ಎಟುಕುವುದಿಲ್ಲ. ಅರ್ಧ ಅಡಿ ಆಳ ಪಾಯ ತೋಡಿ ಕಾಡುಗಲ್ಲು ತುಂಬುತ್ತೇನೆ. ನೆಲದಿಂದ ಮೇಲೂ 9 ಅಂಗುಲ ಕಲ್ಲೇ. ಮಣ್ಣು ಶುರುವಾಗುವುದು ಅದರ ಮೇಲೆ. ಕಲ್ಲಿನ ಸಾಲಿನಲ್ಲಿ ಮೂರು ಅಡಿಗೊಂದರಂತೆ ಬಿದಿರಿನ ತುಂಡು ಇಟ್ಟರೆ ಹೆಚ್ಚಾದ ನೀರು ಹೊರಗೆ ಹರಿದು ಹೋಗುತ್ತದೆ. ಬಿದಿರಿನ ಗಿಣ್ಣು ಒಡೆದು ಇಡಬೇಕು, ಇದನ್ನು ಮರೆಯುವವರೇ ಹೆಚ್ಚು.

ಮಣ್ಣಿನ ಆಯ್ಕೆಯಲ್ಲಿ ಅವಸರ ಸಲ್ಲದು. ಮೇಲಿನ ಒಂದು ಅಡಿ ಮಣ್ಣನ್ನು ಮಡಿ ತುಂಬಲು ಎತ್ತಿಟ್ಟು, ಅದರ ಕೆಳಗಿನ ಕೆಂಪು ಮಣ್ಣನ್ನು ಗೋಡೆಗೆ ಬಳಸಬೇಕು. ಮೇಲ್ಮಣ್ಣಿನಲ್ಲಿ ಬೇರು, ಕಸ ಇರುತ್ತದೆ. ಅದು ಕೊಳೆತಲ್ಲಿ ಗೋಡೆ ಟೊಳ್ಳು. ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ಮಾತ್ರ ಬೇಡ, ನೆನೆದಾಗ ಹಿಗ್ಗಿ ಒಣಗಿದಾಗ ಸೀಳುತ್ತದೆ. ಗಾಜಿನ ಬಾಟಲಿಯಲ್ಲಿ ಮಣ್ಣು-ನೀರು ಕುಲುಕಿ ಇಟ್ಟು ನೋಡುವ ಪರೀಕ್ಷೆಗಿಂತ ನನಗೆ ನಂಬಿಕೆ ಇರುವುದು ಇಟ್ಟಿಗೆ ಪರೀಕ್ಷೆಯಲ್ಲಿ. ಮಣ್ಣು ಮಾತ್ರ, ಮಣ್ಣು 3 ಪಾಲಿಗೆ ಮರಳು 1, ಮಣ್ಣು 2 ಪಾಲಿಗೆ ಮರಳು 1, ಹೀಗೆ ಮೂರು ಇಟ್ಟಿಗೆ ಮಾಡಿ ನೆರಳಲ್ಲಿ ಒಂದು ವಾರ ಒಣಗಿಸಿ. ಬಿರುಕು ಬಿಟ್ಟಿದ್ದಕ್ಕೆ ಮರಳು ಸಾಲದು. ಉಗುರಿನಿಂದ ಕೆರೆದರೆ ಉದುರುವುದಕ್ಕೆ ಮರಳು ಹೆಚ್ಚಾಗಿದೆ. ನನ್ನ ಮಣ್ಣಿಗೆ ಹೊಂದಿದ್ದು ಮೂರನೆಯದು.

ಈ ಅಳತೆಗೆ ಸುಮಾರು 20 ಘನ ಅಡಿ ಕಲಸಿದ ಮಣ್ಣು ಬೇಕು. ಸಡಿಲ ಮಣ್ಣು, ಮರಳು ಸೇರಿ 27 ಘನ ಅಡಿ ಇಟ್ಟುಕೊಳ್ಳಿ. ಒಂದು ರಾತ್ರಿ ನೆನೆಸಿ, ಅರ್ಧ ಅಡಿಗೆ ಕತ್ತರಿಸಿದ ಭತ್ತದ ಹುಲ್ಲು 12 ಕೆಜಿಯಷ್ಟು ಉದುರಿಸುತ್ತಾ ತುಳಿಯಬೇಕು. ಹದ ನೋಡಲು ಒಂದು ಉಂಡೆಯನ್ನು ಸೊಂಟದೆತ್ತರದಿಂದ ಕೈಬಿಡಿ. ಒಡೆದರೆ ನೀರು ಕಡಿಮೆ, ರೊಟ್ಟಿಯಾದರೆ ಜಾಸ್ತಿ. ನೀರು ಜಾಸ್ತಿಯಾದಷ್ಟೂ ಒಣಗುವಾಗ ಬಿರುಕು ಜಾಸ್ತಿ.

ಗೋಡೆಯ ದಪ್ಪ ಬುಡದಲ್ಲಿ 9 ಅಂಗುಲ, ನೆತ್ತಿಯಲ್ಲಿ 6. ಒಂದು ದಿನಕ್ಕೆ 8 ಅಂಗುಲಕ್ಕಿಂತ ಏರಿಸಿದರೆ ಕೆಳಗಿನ ವರಸೆ (ಪದರ) ಉಬ್ಬುತ್ತದೆ. ಮಾರನೇ ದಿನ ಮುಂದುವರಿಸುವ ಮೊದಲು ಹಳೆಯ ಮೈಯನ್ನು ಕೆರೆದು ನೀರು ಚಿಮುಕಿಸಿ, ಇಲ್ಲದಿದ್ದರೆ ಎರಡು ವರಸೆ ಬೆಸೆಯುವುದಿಲ್ಲ. ನೆತ್ತಿ ಹೊರಗಡೆಗೆ ಇಳಿಜಾರಾಗಿರಲಿ. ಸಂಕ್ರಾಂತಿ ಕಳೆದ ಮೇಲೆ ಕಟ್ಟಿದರೆ ಮುಂಗಾರಿನೊಳಗೆ ಚೆನ್ನಾಗಿ ಒಣಗುತ್ತದೆ. ಆಮೇಲೆ ನೆತ್ತಿಗೂ ಹೊರಮೈಗೂ ಅರಳಿಸಿದ ಸುಣ್ಣ 1, ಮರಳು 3 ಪಾಲಿನ ಗಾರೆ ಬಳಿದು, ಒಂದು ವಾರ ಒದ್ದೆ ಗೋಣಿ ಹೊದಿಸಬೇಕು.

ಒಳಮೈಗೆ ಗಾರೆ ಬಳಿದು ತಪ್ಪು ಮಾಡಿದ್ದೆ. ಅಂಚಿನ ಗಿಡಗಳ ಎಳೆ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಸುಣ್ಣದಿಂದ ಮಣ್ಣು ಕ್ಷಾರವಾದರೆ ಕಬ್ಬಿಣದಂಶ ಬೇರಿಗೆ ಸಿಗುವುದಿಲ್ಲ. ಈಗ ಒಳಗಡೆ ಕಡಪ ಕಲ್ಲಿನ ಚೂರುಗಳನ್ನು ನಿಲ್ಲಿಸಿ, ಅದಕ್ಕೂ ಗೋಡೆಗೂ ನಡುವೆ 2 ಅಂಗುಲ ಜಲ್ಲಿ ತುಂಬುತ್ತೇನೆ. ಪ್ಲಾಸ್ಟಿಕ್ ಹಾಳೆ ಅಗ್ಗ, ಆದರೆ ಹಾಳೆಯ ಹಿಂದೆ ಇಳಿದ ನೀರು ಆರಲು ದಾರಿಯೇ ಇರುವುದಿಲ್ಲ.

ತಳಕ್ಕೆ 8 ಅಂಗುಲ ತೆಂಗಿನ ಸಿಪ್ಪೆ, ಮೇಲೆ ಎತ್ತಿಟ್ಟ ಮಣ್ಣು 3 ಪಾಲು, ಕೊಟ್ಟಿಗೆ ಗೊಬ್ಬರ 2 ಪಾಲು. ಮೊದಲ ಮಳೆಗಾಲಕ್ಕೆ ಮೂರು-ನಾಲ್ಕು ಅಂಗುಲ ಕುಸಿಯುವುದರಿಂದ ತುಸು ಗೊಬ್ಬರ ಉಳಿಸಿಕೊಂಡಿರಿ. ಹನಿ ನೀರಾವರಿ ಪೈಪು ಗೋಡೆಯಿಂದ ಅರ್ಧ ಅಡಿಯಾದರೂ ಒಳಗಿರಲಿ.