ಕಂದ ಹಾಡಿಸಿ ಗೇನ್ ಇಡೋದು

ಹಾಸನ ಸೀಮೆಯಲ್ಲಿ ಸೌಂಡ್ ಸಿಸ್ಟಮ್ ಇಟ್ಟವನಿಗೆ ಕುರುಕ್ಷೇತ್ರ ನಾಟಕ ತಪ್ಪಿದ್ದಲ್ಲ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆ, ಎಲ್ಲಿ ಹೋದರೂ ಪೌರಾಣಿಕ ನಾಟಕದ ಹುಚ್ಚು. ಆರ್ಕೆಸ್ಟ್ರಾದಲ್ಲಿ ಗಾಯಕ ಮೈಕನ್ನು ಬಾಯಿ ಹತ್ತಿರವೇ ಹಿಡಿದಿರ್ತಾನೆ. ಇಲ್ಲಿ ಮೈಕ್ ಮೇಲಿಂದ ನೇತಾಡುತ್ತೆ. ಕಿರೀಟ, ಗದೆ ತಾಗಬಾರದು ಅಂತ ಇನ್ನೂ ಮೇಲಕ್ಕೆ ಕಟ್ಟಿಸ್ತಾರೆ. ಅದರಡಿ ನಿಂತು ಶಕುನಿ ಮೆಲ್ಲಗೆ ಕುತಂತ್ರ ಹೇಳಿ ಮುಗಿಸೋದರೊಳಗೆ ದುರ್ಯೋಧನ ತಾರಸ್ಥಾಯಿಯಲ್ಲಿ ಕಂದಪದ್ಯ ಎತ್ತಿರ್ತಾನೆ. ಈ ಎರಡು ದನಿಗೂ ಒಂದೇ ಗೇನ್ ಸಾಕಾಗಬೇಕು.

ಮೈಕಿಂದ ಬರೋದು ಕೆಲವೇ ಮಿಲಿವೋಲ್ಟ್. ಅದನ್ನ ಮಿಕ್ಸರ್ ಒಳಗೆ ಕೆಲಸಕ್ಕೆ ಬರೋ ಮಟ್ಟಕ್ಕೆ ಎತ್ತೋದು ಗೇನ್. ಕಮ್ಮಿ ಇಟ್ಟರೆ ಮುಂದೆ ಫೇಡರ್ (ದನಿ ಏರಿಸಿ ಇಳಿಸೋ ಜಾರುಗುಂಡಿ) ತಳ್ಳಬೇಕು, ಆಗ 'ಸುಯ್' ಅನ್ನೋ ಶಬ್ದವೂ ಜೊತೆಗೇ ಏರುತ್ತೆ. ಜಾಸ್ತಿ ಇಟ್ಟರೆ ದನಿ ಅಲ್ಲೇ ಒಡೆಯುತ್ತೆ. ಆಮೇಲೆ ಫೇಡರ್ ಎಷ್ಟು ಇಳಿಸಿದರೂ ಒಡೆದ ದನಿಯೇ ಸಣ್ಣಗೆ ಕೇಳುತ್ತೆ.

'ಹಲೋ, ಮೈಕ್ ಟೆಸ್ಟಿಂಗ್' ಕೇಳಿ ಗೇನ್ ಇಡೋದನ್ನ ನಾನು ಒಪ್ಪಲ್ಲ. ಪಾತ್ರಧಾರಿ ಬಣ್ಣಕ್ಕೆ ಕೂರೋ ಮೊದಲೇ ಕರೀತೀನಿ.

"ಅಣ್ಣಾ, ಒಂದು ಕಂದ ಹಾಡಿಬಿಡಿ. ನಾಟಕದಲ್ಲಿ ಹಾಡೋ ಹಂಗೇ, ಪೂರ್ತಿ ದನೀಲಿ."

"ಈಗಲೇ ಗಂಟಲು ಯಾಕೆ ಕೆಡಿಸ್ಕೊಳ್ಳೋದಪ್ಪಾ?"

ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿ ಶ್ರುತಿ ಹಿಡಿಸಿದರೆ ಮಾತ್ರ ಇಲ್ಲ ಅನ್ನೋಕಾಗಲ್ಲ, ಹಾಡೇ ಹಾಡ್ತಾರೆ.

ಆಗ ಆ ಮೈಕಿನ ಚಾನೆಲ್ಲಲ್ಲಿ ಪಿಎಫ್ಎಲ್ (ಫೇಡರಿಗೆ ಮುಂಚಿನ ದನಿಯನ್ನ ಮೀಟರಲ್ಲಿ ತೋರಿಸೋ ಗುಂಡಿ) ಒತ್ತಿ, ಗೇನ್ ಪೂರ್ತಿ ಇಳಿಸಿದ ಕಡೆಯಿಂದ ನಿಧಾನಕ್ಕೆ ಏರಿಸ್ತೀನಿ. ಅನಲಾಗ್ ಮಿಕ್ಸರ್ ಆದರೆ ಹಾಡು ಮೀಟರಿನ 0 ಡೆಸಿಬಲ್ ಆಸುಪಾಸಲ್ಲಿ ಆಡಬೇಕು, ಎತ್ತಿದ ಸ್ವರ +6ರವರೆಗೆ ಹೋದರೂ ದನಿ ಒಡೆಯೋದನ್ನ ತೋರಿಸೋ ಪೀಕ್ ಲೈಟ್ ಹತ್ತಬಾರದು. ಡಿಜಿಟಲ್ಲಿನಲ್ಲಿ 0 ಅಂದರೆ ಕೊನೆ, ಅದರಾಚೆ ಜಾಗವೇ ಇಲ್ಲ. ಅಲ್ಲಿ -18ರ ಸುತ್ತ ಇಟ್ಟು, ಜೋರು ಸ್ವರ -6 ದಾಟದಂಗೆ ನೋಡ್ಕೋತೀನಿ. ಇಷ್ಟಾದ ಮೇಲೇ ಫೇಡರ್ 0ಗೆ ತರೋದು. ಜನಕ್ಕೆ ಎಷ್ಟು ಜೋರು ಬೇಕು ಅನ್ನೋದನ್ನ ಆಂಪ್ಲಿಫೈಯರ್ ಕಡೆ ನೋಡ್ತೀನಿ. ಶಕುನಿಯ ಮಾತಿಗೆ ಫೇಡರನ್ನ ಸ್ವಲ್ಪ ಮೇಲಕ್ಕೆ ತಳ್ಳಿದರೆ ಸಾಕು.

ಕೀಬೋರ್ಡು ಬೇರೆ ಜಾತಿ. ಅದರ ಸಿಗ್ನಲ್ಲೇ ದೊಡ್ಡದು, ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನ ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಹೊಂದಿಸೋ ಡಬ್ಬಿ) ಮೂಲಕ ತಗೊಂಡರೆ ಗೇನ್ ಬಹಳ ಕಮ್ಮಿ ಸಾಕು. ಅದರ ವಾಲ್ಯೂಮನ್ನ ಮುಕ್ಕಾಲಿಗೆ ಇಟ್ಟು, ಆಮೇಲೆ ಮುಟ್ಟಬೇಡಿ ಅಂತ ನುಡಿಸೋರಿಗೆ ಕೇಳ್ಕೋತೀನಿ.

ನಾಟಕ ಶುರುವಾದ ಮೇಲೆ ಗೇನಿಗೆ ನಾನು ಕೈ ಹಾಕಲ್ಲ. ಮಾನಿಟರಿಗೆ ಹೋಗೋ ದನಿಯೂ ಅದೇ ಗೇನ್ ದಾಟಿ ಬರೋದು. ನಾನು ಜನಕ್ಕೆ ಅಂತ ಏರಿಸಿದರೆ ಪಾತ್ರಧಾರಿ ಮುಂದಿರೋ ಬಾಕ್ಸೂ ಏರಿ ಕುಯ್ಯೋ ಅನ್ನುತ್ತೆ. ಹಿಂದುಗಡೆಯಿಂದ ಯಾರಾದರೂ "ಕೇಳ್ತಿಲ್ಲ ಕಣಣ್ಣೋ" ಅಂತ ಕೂಗೇ ಕೂಗ್ತಾರೆ. ಆಗ ಮೊದಲು ಯಾರೂ ನಿಂತಿಲ್ಲದ ಮೈಕುಗಳ ಫೇಡರ್ ಇಳಿಸ್ತೀನಿ. ತೆರೆದಿರೋ ಮೈಕು ಎರಡರಷ್ಟಾದಾಗಲೆಲ್ಲ ಬಾಕ್ಸು ಕುಯ್ಯೋ ಅನ್ನೋಕೆ ಮುಂಚೆ ಸಿಗೋ ದನಿಯ ಮಟ್ಟ 3 ಡೆಸಿಬಲ್ ಕಮ್ಮಿಯಾಗುತ್ತೆ. ಹಾಡೋರ ಬಾಯಿಗೂ ಮೈಕಿಗೂ ಇರೋ ದೂರ ಅರ್ಧಕ್ಕೆ ಇಳಿದರೆ ಸುಮಾರು 6 ಡೆಸಿಬಲ್ ಪುಕ್ಕಟೆ ಸಿಗುತ್ತೆ. ಅದಕ್ಕೇ ಮೈಕ್ ಕಟ್ಟೋವಾಗಲೇ ಕಿರೀಟ ತರಿಸಿ, ಹಾಕಿ ನಿಲ್ಲಿಸಿ, ತಾಗದಿರೋ ಮಟ್ಟಿಗೆ ಎಷ್ಟು ಕೆಳಗೆ ಬರುತ್ತೋ ಅಷ್ಟು ಇಳಿಸ್ತೀನಿ. ಗೇನಿಗಿಂತ ಆ ಒಂದಡಿ ಹಗ್ಗವನ್ನ ನಾನು ಜಾಸ್ತಿ ನಂಬ್ತೀನಿ.

ನಮ್ಮ ಕಡೆ ಒಂದೇ ಪಾತ್ರವನ್ನ ಇಬ್ಬರು ಮೂವರು ಹಂಚ್ಕೊಂಡು ಮಾಡೋದುಂಟು. ಒಬ್ಬ ಕೃಷ್ಣನ ದನಿ ಮೆತ್ತಗೆ, ಇನ್ನೊಬ್ಬರದು ಕಂಚಿನ ಕಂಠ. ಎಲ್ಲರನ್ನೂ ಹಾಡಿಸಿ, ಜೋರಾಗಿ ಹಾಡೋರಿಗೆ ಗೇನ್ ಇಟ್ಟು, ಮೆತ್ತಗಿನವರ ಫೇಡರ್ ಎಲ್ಲಿರಬೇಕು ಅಂತ ಮಿಕ್ಸರ್ ಪಟ್ಟಿ ಮೇಲೆ ಪೆನ್ನಲ್ಲಿ ಗುರುತು ಹಾಕಿಡ್ತೀನಿ.