ಮೇರ್ಸ್‌ಬುರ್ಗ್ ಕಡೆ ಮಕ್ಕಳನ್ನು ಆಡಿಸಲು

ಜರ್ಮನಿಯ ಬೋಡನ್ ಸರೋವರದ ದಡದಲ್ಲಿರುವ ಮೇರ್ಸ್‌ಬುರ್ಗ್‌ಗೆ ಮಕ್ಕಳ ಜೊತೆ ಹೋಗುತ್ತಿದ್ದರೆ, ಆಟದ ಜಾಗ ಹುಡುಕಲು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ಮ್ಯಾಪ್ ತೆರೆಯಿರಿ. ದಡ ಬಿಟ್ಟು ಮೇಲಿನ ಡೈಸೆನ್‌ಡೋರ್ಫ್, ಸ್ಟೆಟ್ಟನ್ ಹಳ್ಳಿಗಳ ಕಡೆ ಚೆನ್ನಾಗಿ ಜೂಮ್ ಮಾಡಿ. ಬೇರೆ ಮ್ಯಾಪ್‌ಗಳಲ್ಲಿ ಸಾಮಾನ್ಯವಾಗಿ ಜಾಸ್ತಿ ರಿವ್ಯೂ ಇರುವ ಜಾಗವೇ ಕಣ್ಣಿಗೆ ಬೀಳುತ್ತದೆ. ಅಂದರೆ ಬೇಸಿಗೆಯಲ್ಲಿ ಉಯ್ಯಾಲೆಗೆ ಕ್ಯೂ ನಿಲ್ಲಬೇಕಾದ ಜಾಗ! ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸ್ವಯಂಸೇವಕರೇ ಗುರುತು ಹಾಕುವುದರಿಂದ, ಮನೆಗಳ ಹಿಂದೆ ಅಡಗಿರುವ ಪುಟ್ಟ ಆಟದ ಜಾಗವೂ ಸಿಗಬಹುದು. ಶಾಲೆ, ಫುಟ್‌ಬಾಲ್ ಮೈದಾನದ ಅಕ್ಕಪಕ್ಕ ಮೊದಲು ನೋಡಿ. ಆದರೆ ಅಪಾರ್ಟ್‌ಮೆಂಟ್‌ನವರ ಖಾಸಗಿ ಜಾಗವೂ ಇದರಲ್ಲಿ ಸೇರಿರಬಹುದು, ಸುಮ್ನೆ ಒಳಗೆ ನುಗ್ಗಬೇಡಿ, ಗೇಟಿನ ಬೋರ್ಡ್ ಓದಿ. ಎಷ್ಟು ವಯಸ್ಸಿನ ಮಕ್ಕಳಿಗೆ ಅಂತಲೂ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ನೆರಳು ಇದೆಯಾ ಅನ್ನೋದು ಈ ಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಗೊತ್ತಾಗಲ್ಲ, ಅದಕ್ಕೆ ಸ್ಯಾಟಲೈಟ್ ಚಿತ್ರ ನೋಡಿ. ಮರಳಿನ ಪಕ್ಕ ನೀರಿನ ಕೈಪಂಪು ಇರುವ ಜಾಗ ಸಿಕ್ಕರೆ ಬಿಡಬೇಡಿ. ಚಳಿಗಾಲದಲ್ಲಿ ಆ ಪಂಪು ಹೆಚ್ಚಾಗಿ ಬಂದ್. ಬೇಸಿಗೆಯಲ್ಲಾದರೆ ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇರಲಿ, ಮರಳು ನೀರು ಎರಡೂ ಸಿಕ್ಕ ಮಕ್ಕಳು ಹೇಗಿರುತ್ತಾರೆ ಗೊತ್ತಲ್ವಾ.